ಇನ್ನೂ ಗಟ್ಟಿ ಇದೆ ಕಣೋ

ಇತ್ತೀಚೆಗೆ ನಾವೆಲ್ಲ ರಿಪೇರಿಯ ಭಕ್ತರಾಗಿದ್ದೇವೆ. ಅಜ್ಜಿಯ ಕೌದಿ, ಅಪ್ಪನ ಎಚ್‌ಎಂಟಿ ವಾಚು, ಮೂವತ್ತು ವರ್ಷದಿಂದ ಓಡುತ್ತಿರುವ ಮಿಕ್ಸಿ, ಇವುಗಳ ಬಗ್ಗೆ ತಿಂಗಳಿಗೊಂದಾದರೂ ಪ್ರಬಂಧ ಓದುತ್ತೇನೆ. ಎಲ್ಲದರ ತಾತ್ಪರ್ಯ ಒಂದೇ: ಹಳೆಯದನ್ನು ಉಳಿಸಿಕೊಳ್ಳುವವನು ಸಜ್ಜನ, ಹೊಸದನ್ನು ಕೊಳ್ಳುವವನು ಮಾರುಕಟ್ಟೆಯ ಗುಲಾಮ. ನಾನೂ ಅಂಥದ್ದೊಂದು ಬರೆದವನೇ. ಈಗ ಅದರ ವಿರುದ್ಧ ಬರೆಯುತ್ತಿದ್ದೇನೆ, ಯಾಕೆಂದರೆ ಆ ಮಾತನ್ನು ನಂಬಿ ಗೆಳೆಯನೊಬ್ಬನ ಹೆಗಲ ಮೂಳೆ ಮುರಿಯಲು ಕಾರಣನಾದೆ.

ಕ್ಯಾಲಿಫೋರ್ನಿಯಾದಲ್ಲಿ ನನ್ನ ಹತ್ತಿರ ಒಂದು ಹಳೆಯ ಹೋಬಿ 16 ಇದೆ. ಇಲ್ಲಿನ ಕಡಲತೀರದಲ್ಲಿ ಸರ್ಫ್ ಹಲಗೆ ಮಾಡುತ್ತಿದ್ದ ಹೋಬಿ ಆಲ್ಟರ್ 1960ರ ದಶಕದ ಕೊನೆಯಲ್ಲಿ ರೂಪಿಸಿದ ಹಾಯಿದೋಣಿ. ಬಾಳೆಕಾಯಿಯಂತೆ ಬಾಗಿದ ಎರಡು ಒಡಲು, ನಡುವೆ ಬಿಗಿದ ಬಟ್ಟೆ, ಮೇಲೆ ಇಪ್ಪತ್ತಾರು ಅಡಿ ಎತ್ತರದ ಅಲ್ಯೂಮಿನಿಯಂ ಕಂಬ. ಈ ಕಂಬವನ್ನು ಎಲ್ಲೂ ಹುಗಿದಿಲ್ಲ. ಬುಡದಲ್ಲಿ ಸುಮ್ಮನೆ ಕೂತಿರುತ್ತದೆ, ಗಾಳಿಗೆ ತಕ್ಕಂತೆ ತಿರುಗುತ್ತದೆ ಕೂಡ. ಅದನ್ನು ನಿಲ್ಲಿಸಿರುವುದು ಮೂರು ತಂತಿಗಳು: ಮುಂದೆ ಒಂದು, ಪಕ್ಕಕ್ಕೆ ಎರಡು. ಪಕ್ಕದವಕ್ಕೆ ಶ್ರೌಡ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಹೆಣಕ್ಕೆ ಹೊದಿಸುವ ಬಟ್ಟೆಗೂ ಅದೇ ಹೆಸರು. ನಾನು ಆಗ ಅದನ್ನು ತಮಾಷೆ ಅಂದುಕೊಂಡಿದ್ದೆ.

ಆ ತಂತಿಗಳಿಗೆ ಎಷ್ಟು ವಯಸ್ಸು ಎಂದು ನನಗೆ ಗೊತ್ತಿರಲಿಲ್ಲ. ಬದಲಾಯಿಸೋಣ ಅಂದಾಗ ಗೆಳೆಯ ಅಂದಿದ್ದು: "ಇನ್ನೂ ಗಟ್ಟಿ ಇದೆ ಕಣೋ, ಸುಮ್ನೆ ಯಾಕೆ ದುಡ್ಡು ದಂಡ?" ನೋಡಿದರೆ ಫಳಫಳ ಹೊಳೆಯುತ್ತಿದ್ದವು. ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಒಳಗೊಳಗೇ ಹೆಮ್ಮೆಪಟ್ಟೆ.

ಬೇಸಿಗೆಯ ಒಂದು ಮಧ್ಯಾಹ್ನ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಗಾಳಿ ಏರಿತ್ತು. ಗೆಳೆಯ ಸೊಂಟದ ಕೊಕ್ಕೆಯನ್ನು ಕಂಬದಿಂದ ಇಳಿದ ಇನ್ನೊಂದು ತಂತಿಗೆ ಸಿಕ್ಕಿಸಿ, ದೋಣಿಯ ಅಂಚಿನ ಮೇಲೆ ಕಾಲೂರಿ, ಮೈಯೆಲ್ಲ ಹೊರಗೆ ಚಾಚಿ ನಿಂತಿದ್ದ. ಪಟಾಕಿ ಸಿಡಿದಂಥ ಒಂದು ಸದ್ದು. ಗಾಳಿಯ ಕಡೆಯ ಶ್ರೌಡ್ ಹರಿದಿತ್ತು. ಕಂಬ ಆಚೆ ಬಿತ್ತು. ಬೀಳುತ್ತ, ಕೊಕ್ಕೆ ಬಿಡಿಸಿಕೊಳ್ಳಲಾಗದ ಅವನನ್ನು ಎಳೆದು ಒಡಲಿಗೆ ಬಡಿಯಿತು.

ಆಮೇಲೆ ಆ ತಂತಿಯನ್ನು ನೋಡಿದೆ. ಹತ್ತೊಂಬತ್ತು ಎಳೆ. ಹರಿದದ್ದು ನಾನು ಕಣ್ಣಾಡಿಸಿ ಮೆಚ್ಚಿಕೊಂಡಿದ್ದ ಜಾಗದಲ್ಲಲ್ಲ. ಕೆಳತುದಿಯಲ್ಲಿ, ಕುಣಿಕೆ ಮಾಡಿ ಲೋಹದ ಕೊಳವೆಯಿಂದ ಒತ್ತಿ ಹಿಡಿದಿರುತ್ತಾರಲ್ಲ, ಅದರ ಬಾಯಲ್ಲಿ. ಮೇಲೆ ಪ್ಲಾಸ್ಟಿಕ್ ಹೊದಿಕೆ ಬೇರೆ ಇತ್ತು. ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯದೆ ಇರುವುದು ಅದರ ಮೈಮೇಲಿನ ತೆಳು ಪೊರೆಯಿಂದ. ಆ ಪೊರೆ ಉಳಿಯಲು ಆಮ್ಲಜನಕ ಬೇಕು. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಪೊರೆ ಹೋಗುತ್ತದೆ, ಒಳಗಿನಿಂದಲೇ ತಿನ್ನುತ್ತ ಬರುತ್ತದೆ. ಹೊರಗೆ ಹೊಳಪು ಹಾಗೇ. ಹಾಗಾಗಿ ಅನುಭವಸ್ಥರು ತಂತಿ ಚೆನ್ನಾಗಿ ಕಾಣುತ್ತಿದ್ದರೂ ಕೆಲವು ವರ್ಷಕ್ಕೊಮ್ಮೆ ತೆಗೆದು ಬಿಸಾಡುತ್ತಾರೆ. ನಾನು ಅವರನ್ನು ದುಂದುಗಾರರು ಅಂದುಕೊಂಡಿದ್ದೆ.

ಹಾಗಾದರೆ ಎಲ್ಲವನ್ನೂ ಎಸೆಯಬೇಕೆ? ರಿಪೇರಿಯ ಭಕ್ತರು ತಕ್ಷಣ ಕೇಳುವ ಪ್ರಶ್ನೆ ಇದು. ಇಲ್ಲ. ಬಿದ್ದ ಆ ಕಂಬವನ್ನೇ ಮತ್ತೆ ನಿಲ್ಲಿಸಿದ್ದೇನೆ. ಅದಕ್ಕೆ ಒಂದು ಚಳಿಗಾಲ ಹಿಡಿಯಿತು. ಅಲ್ಯೂಮಿನಿಯಂ ಮೇಲೆ ಸ್ಟೇನ್‌ಲೆಸ್ ರಿವೆಟ್ ಕೂತು, ನಡುವೆ ಉಪ್ಪುನೀರು ಸೇರಿದರೆ ಸಣ್ಣದೊಂದು ಬ್ಯಾಟರಿಯೇ ಆಗುತ್ತದೆ, ಕರಗುವುದು ಅಲ್ಯೂಮಿನಿಯಂ. ರಿವೆಟ್ಟಿನ ಸುತ್ತ ಬಿಳಿ ಪುಡಿ ಕಂಡರೆ ಅದೇ. ತಲೆಯನ್ನು ಡ್ರಿಲ್ ಮಾಡಿ ರಿವೆಟ್ಟು ತೆಗೆದೆ. ಎರಡು ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಅಲ್ಲಿಗೆ ದಪ್ಪ ರಿವೆಟ್ಟು ಜಡಿದು ಕೈತೊಳೆದುಕೊಳ್ಳಬಹುದಿತ್ತು. ಬದಲಿಗೆ ಆ ಭಾಗವನ್ನು ಸ್ವಲ್ಪ ಮೇಲಕ್ಕೆ, ಗಟ್ಟಿ ಲೋಹ ಇದ್ದ ಕಡೆ ಸರಿಸಿ, ಎರಡು ಲೋಹ ತಾಗದಂತೆ ನಡುವೆ ಪೇಸ್ಟ್ ಹಚ್ಚಿ, ಹೊಸ ರಿವೆಟ್ಟುಗಳ ಸುತ್ತ ಸಿಲಿಕಾನ್ ತುಂಬಿದೆ. ಆ ಸಿಲಿಕಾನ್ ನೋಡಲು ಕ್ಷುಲ್ಲಕ. ಆದರೆ ದೋಣಿ ಮಗುಚಿದಾಗ ಗಾಳಿ ತುಂಬಿದ ಕಂಬ ನೀರಿನ ಮೇಲೆ ತೇಲಬೇಕು. ತೂತಿನಿಂದ ನೀರು ಹೊಕ್ಕರೆ ಕಂಬ ಕೆಳಗಿಳಿಯುತ್ತದೆ, ದೋಣಿ ಪೂರ್ತಿ ತಲೆಕೆಳಗಾಗುತ್ತದೆ, ಇಬ್ಬರ ಕೈಯಲ್ಲಿ ಎತ್ತುವುದು ಕಷ್ಟ. ಕಂಬ ಹಳೆಯದು. ತಂತಿ, ಪಿನ್ನು, ಪಿನ್ನು ಜಾರದಂತೆ ತಡೆಯುವ ಪುಟ್ಟ ರಿಂಗು, ಎಲ್ಲ ಹೊಸದು. ರಿಂಗಿನ ಬೆಲೆ ಒಂದು ಕಾಫಿಗಿಂತ ಕಡಿಮೆ. ಅದನ್ನೂ ಹಳೆಯದೇ ಹಾಕೋಣ ಅನ್ನುವವರು ಸಿಕ್ಕರು!

ಕ್ಯಾಟಮರಾನ್ ಎಂಬ ಹೆಸರು ತಮಿಳಿನ ಕಟ್ಟುಮರಂನಿಂದ ಬಂದದ್ದು. ಕನ್ನಡಿಗನಿಗೆ ನಿಘಂಟು ಬೇಕಿಲ್ಲ: ಕಟ್ಟು, ಮರ. (ಈ ಜೋಡಿ ಒಡಲಿನ ದೋಣಿಯ ಪೂರ್ವಜರನ್ನು ಹುಡುಕಬೇಕಾದ್ದು ಪಾಲಿನೇಷ್ಯಾದಲ್ಲಿ, ಹೆಸರು ಮಾತ್ರ ಕೋರಮಂಡಲ ತೀರದ್ದು ಅಂಟಿಕೊಂಡಿದೆ.) ಕಟ್ಟುಮರದ ಮೀನುಗಾರರು ದಡಕ್ಕೆ ಬಂದ ಮೇಲೆ ಹಗ್ಗ ಬಿಚ್ಚಿ, ದಿಮ್ಮಿಗಳನ್ನು ಬಿಡಿಬಿಡಿಯಾಗಿ ಮರಳ ಮೇಲೆ ಒಣಗಹಾಕುತ್ತಿದ್ದರು. ಹೊರಡುವಾಗ ಮತ್ತೆ ಕಟ್ಟಬೇಕು. ಅಂದರೆ ಹಗ್ಗದ ಪ್ರತಿ ಗೇಣೂ ಅವರ ಕೈಗೆ ಸಿಗುತ್ತಿತ್ತು. ನಮ್ಮ ರಿಪೇರಿ ಪ್ರಬಂಧಗಳಲ್ಲಿ ನನಗೆ ಕಾಣದಿರುವುದು ಈ ಬಿಚ್ಚುವ ಕೆಲಸ. ಅಲ್ಲಿ ಹಳೆಯ ವಸ್ತುವನ್ನು ಮುಟ್ಟಿ ನೇವರಿಸುತ್ತಾರೆ, ನೆನಪು ಮಾಡಿಕೊಳ್ಳುತ್ತಾರೆ, ಹೊದಿಕೆ ಸರಿಸಿ ಒಳಗೆ ನೋಡುವುದಿಲ್ಲ. ನೋಡಿದರೆ ಕೌದಿಯನ್ನೂ ಕೆಲವೊಮ್ಮೆ ಒಲೆಗೆ ಹಾಕಬೇಕಾದೀತು ಎಂಬ ಭಯವೋ ಏನೋ.

ಗೆಳೆಯ ಈಗಲೂ ಬರುತ್ತಾನೆ. ಬಲಗೈ ತಲೆಯ ಮೇಲಕ್ಕೆ ಪೂರ್ತಿ ಏಳುವುದಿಲ್ಲ, ಹಾಗಾಗಿ ಚುಕ್ಕಾಣಿ ಅವನಿಗೆ, ಹೊರಗೆ ಚಾಚಿ ನಿಲ್ಲುವ ಸರದಿ ನನ್ನದು. ಹೊರಡುವ ಮೊದಲು ಇಬ್ಬರೂ ಪ್ಲಾಸ್ಟಿಕ್ ಹೊದಿಕೆ ಮೇಲೆತ್ತಿ ನೋಡುತ್ತೇವೆ. ತೆಗೆದ ಹಳೆಯ ತಂತಿಗಳನ್ನು ಕಟರ್‌ನಿಂದ ಮೂರು ತುಂಡು ಮಾಡಿಯೇ ಕಸದ ಡಬ್ಬಿಗೆ ಹಾಕಿದೆ. ಇಡಿಯಾಗಿ ಹಾಕಿದ್ದರೆ ಯಾರಾದರೂ ಎತ್ತಿಕೊಂಡು ಹೋಗುತ್ತಿದ್ದರು, ಇನ್ನೂ ಗಟ್ಟಿ ಇದೆ ಅಂತ.