ಯೆಲಿಂಗ್‌ನ ಕಲ್ಲಿಗೊಂದು ಗಾಜಿನ ಮನೆ

ಮೊಬೈಲಿನಲ್ಲಿರುವ ಬ್ಲೂಟೂತ್ ಗುರುತನ್ನು ನಾವು ದಿನಕ್ಕೆ ಹಲವು ಬಾರಿ ಮುಟ್ಟುತ್ತೇವೆ. ಅದು ಎರಡು ರೂನ್ ಅಕ್ಷರಗಳನ್ನು ಬೆಸೆದು ಮಾಡಿದ ಚಿಹ್ನೆ. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹರಾಲ್ಡ್ ಬ್ಲೂಟೂತ್‌ನ ಹೆಸರಿನ ಮೊದಲಕ್ಷರಗಳು. ಆ ಹರಾಲ್ಡ್ ಸುಮಾರು 965ರಲ್ಲಿ ಯೆಲಿಂಗ್ ಎಂಬ ಊರಿನಲ್ಲಿ ತಂದೆ ಗೊರ್ಮ್ ಹಾಗೂ ತಾಯಿ ಥೈರಾರ ನೆನಪಿಗೆ ನಿಲ್ಲಿಸಿದ ಕಲ್ಲು ಇಂದಿಗೂ ಅಲ್ಲಿಯೇ ಇದೆ. ಪಕ್ಕದಲ್ಲಿ ಗೊರ್ಮ್ ತನ್ನ ರಾಣಿಗಾಗಿ ನಿಲ್ಲಿಸಿದ ಚಿಕ್ಕ ಕಲ್ಲೂ ಇದೆ. 1994ರಿಂದ ಇವು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ದೊಡ್ಡ ಕಲ್ಲಿಗೆ ಮೂರು ಮುಖಗಳು. ಒಂದರಲ್ಲಿ ಬರಹ, ಒಂದರಲ್ಲಿ ಹಾವು ಸುತ್ತಿಕೊಂಡ ಮೃಗ, ಇನ್ನೊಂದರಲ್ಲಿ ಕೈಚಾಚಿ ನಿಂತ ಕ್ರಿಸ್ತ. ಹೆತ್ತವರ ಸ್ಮಾರಕವೆಂದು ಆರಂಭವಾಗುವ ಬರಹ ಬೇಗನೆ ಮಗನ ಬಿರುದಾವಳಿಯಾಗುತ್ತದೆ: ಡೆನ್ಮಾರ್ಕನ್ನೂ ನಾರ್ವೆಯನ್ನೂ ಗೆದ್ದವನು, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ತಾನೇ ಎಂದು. ಶಾಸನಗಳನ್ನು ಓದಿದವರಿಗೆ ಈ ಧಾಟಿ ಹೊಸದೇನಲ್ಲ.

ಲಿಪಿಯಲ್ಲಿದ್ದುದು ಹದಿನಾರೇ ಅಕ್ಷರ. ಕ-ಗ, ತ-ದಗಳಿಗೆ ಬೇರೆ ಬೇರೆ ಗುರುತಿಲ್ಲ. ಆದ್ದರಿಂದ ಗೊರ್ಮ್ 'ಕುರ್ಮ್' ಆಗಿದ್ದಾನೆ, ಡೆನ್ಮಾರ್ಕ್ 'ತನ್‌ಮೌರ್ಕ್' ಆಗಿದೆ. ಚೆನ್ನೈಯಲ್ಲಿ ನೆಲೆಸಿ ತಮಿಳು ಫಲಕಗಳನ್ನು ಓದಲು ಕಲಿತ ನಮ್ಮವರಿಗೆ ಇದರಲ್ಲಿ ಬೆರಗೇನೂ ಕಾಣದು.

ಬಯಲಿನಲ್ಲಿ ನಿಂತ ಕಲ್ಲಿನ ಬಿರುಕುಗಳಿಗೆ ನೀರಿಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಮೇಲ್ಮೈ ಚಕ್ಕೆ ಚಕ್ಕೆಯಾಗಿ ಏಳತೊಡಗಿತು. 2011ರ ಫೆಬ್ರವರಿಯಲ್ಲಿ ಯಾರೋ ಹಸಿರು ಬಣ್ಣವನ್ನೂ ಎರಚಿದರು. ಅದೇ ವರ್ಷದ ಕೊನೆಗೆ ಎರಡು ಕಲ್ಲುಗಳಿಗೂ ಕಂಚು-ಗಾಜಿನ ಮನೆ ಎದ್ದಿತು. ಒಳಗಿನ ತಾಪವೂ ತೇವವೂ ಹತೋಟಿಯಲ್ಲಿವೆ.

ಚಿತ್ರದಲ್ಲಿ ಮೊದಲು ಕಂಡಾಗ ನಮಗೂ ಹಿಡಿಸಲಿಲ್ಲ. ಸಾವಿರ ವರ್ಷ ಗಾಳಿ ಮಳೆಗಳಿಗೆ ಎದೆಯೊಡ್ಡಿ ನಿಂತದ್ದನ್ನು ಅಂಗಡಿಯ ಬೊಂಬೆಯಾಗಿಸಿದರಲ್ಲ ಎನಿಸಿತು. ಈಗ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇವೆ. ಕಲ್ಲನ್ನು ರಾಜಧಾನಿಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಊರಿಗೊಂದು ಪ್ರತಿಕೃತಿ ಕೊಡುವುದೂ ಒಂದು ದಾರಿಯೇ. ಹಲ್ಮಿಡಿಯ ಮೂಲಶಾಸನ ಬೆಂಗಳೂರಿನಲ್ಲಿದೆ, ಊರಿನಲ್ಲಿರುವುದು ಪ್ರತಿಕೃತಿ. ಶಾಸನ ಉಳಿಯಿತೆಂಬ ಸಮಾಧಾನ ನಮಗಿದೆ. ಊರಿಗೆ ಎಷ್ಟು ಉಳಿಯಿತೆಂಬ ಪ್ರಶ್ನೆಯೂ ಇದೆ. ಸರಕಾರಿ ನೌಕರಿಯಲ್ಲಿ ಕಂಡ ಮಾತು: ಸಾಗಿಸುವ ಕಡತಕ್ಕೆ ಒಮ್ಮೆ ಸಹಿ ಬಿದ್ದರೆ ಕೆಲಸ ಮುಗಿಯಿತು, ಇದ್ದಲ್ಲಿಯೇ ಕಾಯುವ ಕಡತ ಪ್ರತಿವರ್ಷವೂ ಮೇಜಿಗೆ ಬಂದು ಹಣ ಕೇಳುತ್ತದೆ.

ಯೆಲಿಂಗ್‌ನ ಕಲ್ಲನ್ನು ಅಲುಗಿಸಬಾರದೆನ್ನಲು ಅದರ ಬರಹವೇ ಆಧಾರ. ಹರಾಲ್ಡ್ ಮಾಡಿಸಿದ್ದು 'ಈ ಸ್ಮಾರಕಗಳನ್ನು' ಎಂದು ಅಲ್ಲಿದೆ; ಬಹುವಚನವೇ. ಕಲ್ಲು ನಿಂತಿರುವುದು ಎರಡು ಬೃಹತ್ ಮಣ್ಣುದಿಬ್ಬಗಳ ನಟ್ಟನಡುವೆ. ಆ 'ಈ' ಎಂಬುದು ಸುತ್ತಲಿನ ನೆಲವನ್ನೂ ತೋರಿಸುತ್ತದೆ ಎಂದೇ ನಾವು ಓದುತ್ತೇವೆ. ಕೋಪನ್‌ಹೇಗನ್‌ನ ಕೊಠಡಿಯೊಂದರಲ್ಲಿ ನಿಂತರೆ ಅದು ಏನನ್ನು ತೋರಿಸೀತು?

ನಷ್ಟವಾಗಿಲ್ಲವೆಂದಲ್ಲ. ಬೆರಳಿನಿಂದ ಗೀರುಗಳನ್ನು ತಡವಿ ಅಕ್ಷರ ಗುರುತಿಸುವ ಸುಖ ಇನ್ನು ಯೆಲಿಂಗ್‌ನ ಮಕ್ಕಳಿಗಿಲ್ಲ. ಗಾಜಿನ ಹೊರಗೆ ನಿಂತು ಓದಬೇಕು. ದಿಬ್ಬಗಳನ್ನು ಮಾತ್ರ ಈಗಲೂ ಹತ್ತಬಹುದು.