ನದಿಯ ಲೆಕ್ಕದಲ್ಲಿ ಬಿಟ್ಟುಹೋದ ವೇಗ

ಸರ್ಕಾರಿ ಸೇವೆಯಲ್ಲಿದ್ದಾಗ ನದಿ ನೀರಿನ ಪರೀಕ್ಷಾ ವರದಿಗಳು ನನ್ನ ಮೇಜಿಗೂ ಬರುತ್ತಿದ್ದವು. ಬಿಓಡಿ ಎಂಬ ಅಂಕಣದ ಅಂಕಿ ಮಿತಿಯೊಳಗಿದ್ದರೆ ಸಹಿ ಹಾಕುತ್ತಿದ್ದೆ. ಅರ್ಥಶಾಸ್ತ್ರ ಓದಿದವನಾದ ನನಗೆ ಆ ಅಂಕಿಯ ಅರ್ಥ ತಿಳಿದದ್ದು ನಿವೃತ್ತಿಯ ನಂತರ.

ಮುಧೋಳ, ಜಮಖಂಡಿ ಭಾಗ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಗಳ ನಾಡು. ಸಕ್ಕರೆಯಂಥ ಸಾವಯವ ವಸ್ತು ನೀರಿಗೆ ಸೇರಿದರೆ ಬ್ಯಾಕ್ಟೀರಿಯಾಗಳು ಅದರ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ವರ್ಗಾಯಿಸುತ್ತವೆ. ಈ ವಿನಿಮಯದಲ್ಲಿ ನೀರಿನಲ್ಲಿ ಕರಗಿರುವ ಆಮ್ಲಜನಕ ವ್ಯಯವಾಗುತ್ತದೆ. ನಮ್ಮಲ್ಲಿ ಈ ವ್ಯಯವನ್ನು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, 3 ದಿನಗಳ ಕೊನೆಗೆ ಅಳೆಯಲಾಗುತ್ತದೆ. ಸಕ್ಕರೆ ಕಾರ್ಖಾನೆಯ ನೀರನ್ನು ನದಿಗೆ ಬಿಡುವುದಾದರೆ ಅದು ಲೀಟರಿಗೆ 30 ಮಿಲಿಗ್ರಾಂ ಮೀರುವಂತಿಲ್ಲ.

ಆದರೆ ಮೂರನೆಯ ದಿನದ ಒಂದೇ ಅಂಕಿಯಿಂದ ವೇಗ ತಿಳಿಯದು. ಕಡಿಮೆ ಕಲ್ಮಶ ಬೇಗ ಕರಗಿದರೂ, ಹೆಚ್ಚು ಕಲ್ಮಶ ನಿಧಾನವಾಗಿ ಕರಗಿದರೂ ಅದೇ ಅಂಕಿ ಬಂದೀತು. ಸಾಲ ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಕೊಟ್ಟವರು ಎಷ್ಟು ಬೇಗ ಬಾಗಿಲಿಗೆ ಬರುತ್ತಾರೆ ಎಂಬುದು ಇನ್ನೊಂದು. ಗಾಳಿಯಿಂದ ಇಳಿಯುವ ಆಮ್ಲಜನಕ ನದಿಯ ಮುಖ್ಯ ಆದಾಯ. ವ್ಯಯ ಅದನ್ನು ಮೀರಿ ಓಡಿದರೆ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ರಬಕವಿ-ಬನಹಟ್ಟಿ ಸಮೀಪದ ಹಿಪ್ಪರಗಿ ಬ್ಯಾರೇಜಿನಲ್ಲಿ, ಬೀಳಗಿ ಕಡೆಯ ಆಲಮಟ್ಟಿ ಹಿನ್ನೀರಿನಲ್ಲಿ ಕೃಷ್ಣೆ ನಿಂತ ನೀರು. ನಿಂತ ನೀರಿಗೆ ಆ ಆದಾಯವೂ ಕಡಿಮೆ.

ವೇಗವನ್ನು ಅಳೆಯುವ ವಿದ್ಯೆ ನಮಗೆ ಹೊಸದಲ್ಲ. ಎಲೆಕ್ಟ್ರಾನು ವರ್ಗಾವಣೆಯ ಅಧ್ಯಯನಕ್ಕೆ 1983ರಲ್ಲಿ ಹೆನ್ರಿ ಟಾಬೆ, 1992ರಲ್ಲಿ ರುಡಾಲ್ಫ್ ಮಾರ್ಕಸ್ ನೊಬೆಲ್ ಪಡೆದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗವೂ ದಶಕಗಳಿಂದ ಉತ್ಕರ್ಷಣ ಕ್ರಿಯೆಗಳ ವೇಗವನ್ನು ಅಳೆಯುತ್ತ ಬಂದಿದೆ. ಎಲೆಕ್ಟ್ರಾನು ಪಡೆಯುತ್ತ ಹೋದಂತೆ ಪರ್ಮಾಂಗನೇಟಿನ ನೇರಳೆ ಬಣ್ಣ ಮಾಸುತ್ತದೆ. ಅದು ಹೀರುವ ಬೆಳಕನ್ನು ಕ್ಷಣಕ್ಷಣಕ್ಕೂ ದಾಖಲಿಸಿದರೆ ಕ್ರಿಯೆಯ ವೇಗ ದೊರೆಯುತ್ತದೆ. ನದಿಯ ವಿಷಯದಲ್ಲಿ ಇಷ್ಟು ಸೂಕ್ಷ್ಮವೂ ಬೇಡ. ಒಂದೇ ಮಾದರಿಯನ್ನು ಹಲವು ಬಾಟಲಿಗಳಲ್ಲಿಟ್ಟು ದಿನಕ್ಕೊಮ್ಮೆ ಆಮ್ಲಜನಕ ಅಳೆದರೆ ಸಾಕು.

ಈ ಕೆಲಸಕ್ಕೆ ಧಾರವಾಡದವರೆಗೆ ಹೋಗಬೇಕಾಗಿಯೂ ಇಲ್ಲ. ಬಾಗಲಕೋಟೆ ವಿಶ್ವವಿದ್ಯಾಲಯ ಜಮಖಂಡಿಯಲ್ಲೇ ಆರಂಭವಾಯಿತು. ಇದೂ ಸೇರಿದಂತೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾವ 2025ರಲ್ಲಿ ಚರ್ಚೆಗೆ ಬಂದಾಗ ಮುಂದಿಟ್ಟದ್ದು ಖರ್ಚಿನ ಲೆಕ್ಕ. ಆಡಳಿತ ಯಾರದೇ ಇರಲಿ, ಆ ಊರಿನ ವಿದ್ಯಾರ್ಥಿಗಳ ಕೈಗೆ ಒಂದು ಪ್ರಯೋಗಾಲಯ ಉಳಿಯಬೇಕು. ಘಟಪ್ರಭೆ, ಕೃಷ್ಣೆಯರ ನೀರಿನ ದಿನದಿನದ ಅಳತೆ ಪ್ರಕಟವಾಗಬೇಕು.

ಮಿತಿಯೊಳಗಿದೆ ಎಂದು ನಾನು ಹಾಕಿದ ಸಹಿಗಳು ಸುಳ್ಳಲ್ಲ. ಆದರೆ ಅವು ಅರ್ಧ ಲೆಕ್ಕಕ್ಕೆ ಹಾಕಿದ ಸಹಿಗಳು.