ರಜೆಗೆ ಬಗ್ಗದ ದಣಿವು

‘ನಾಲ್ಕು ದಿನ ಊರಿಗೆ ಹೋಗಿ ಬಾ, ಎಲ್ಲ ಸರಿಹೋಗುತ್ತೆ.’ ಕೆಲಸದಲ್ಲಿ ಬಸವಳಿದವರಿಗೆ ನಾವು ಕೊಡುವ ಮೊದಲ ಸಲಹೆ ಇದು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಅಮ್ಮನ ಕೈಯಡುಗೆ ಉಂಡು ಮುಂಬೈಗೆ ಮರಳಿದವರು ಎರಡೇ ದಿನಕ್ಕೆ ಮತ್ತೆ ಮೊದಲಿನಂತಾದರೆ ಸಲಹೆ ಬೈಗುಳವಾಗುತ್ತದೆ: ‘ನಿನಗೇ ಛಲ ಇಲ್ಲ.’

ಈ ತೀರ್ಪು ಅನ್ಯಾಯದ್ದು. 1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಬರ್ನ್‌ಔಟ್ ಬಗ್ಗೆ ಬರೆದಾಗ ಅವರ ಕಣ್ಣಮುಂದಿದ್ದವರು ಸೋಮಾರಿಗಳಲ್ಲ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಮನಸಾರೆ ದುಡಿಯುತ್ತಿದ್ದವರು. ಹುರುಪಿದ್ದವರೇ ಬತ್ತಿಹೋಗಿದ್ದರು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಲಕ್ಷಣಗಳು ಮೂರು: ತ್ರಾಣ ಉಡುಗುವುದು, ಕೆಲಸದಿಂದ ಮನಸ್ಸು ದೂರವಾಗಿ ಕಹಿಯಾಗುವುದು, ಕೈಲಾಗುತ್ತಿಲ್ಲ ಅನ್ನಿಸುವುದು. ರಜೆ ಹೆಚ್ಚೆಂದರೆ ಮೊದಲನೆಯದನ್ನು ಸ್ವಲ್ಪ ತಣಿಸೀತು. ಉಳಿದೆರಡು ಆಫೀಸಿನಲ್ಲೇ ಕಾದು ಕೂತಿರುತ್ತವೆ.

ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೇಲ್ ಲೀಟರ್ ಎಂಬ ಸಂಶೋಧಕರು ಇದರ ಬೇರುಗಳನ್ನು ಆರು ಕಡೆ ಗುರುತಿಸಿದರು: ಕೆಲಸದ ಹೊರೆ, ಅದರ ಮೇಲೆ ನಮಗಿರುವ ಹಿಡಿತ, ಸಿಗುವ ಪ್ರತಿಫಲ ಮತ್ತು ಮನ್ನಣೆ, ಜೊತೆಗಾರರ ಒಡನಾಟ, ನ್ಯಾಯ, ಮೌಲ್ಯಗಳು. ನಿಮ್ಮನ್ನು ಸುಡುತ್ತಿರುವುದು ಇವುಗಳಲ್ಲಿ ಯಾವುದು ಎಂದು ಮೊದಲು ಕೇಳಿಕೊಳ್ಳಿ. ಹೈದರಾಬಾದಿನಲ್ಲಿ ಕೂತು ಅಮೆರಿಕದ ಹಗಲಿಗೆ ದುಡಿಯುವವರಿಗೆ ಬೇಕಾದದ್ದು ಗಂಟೆಗಳ ಮಿತಿ. ಮಾಡಿದ ಕೆಲಸಕ್ಕೆ ಬೇರೆಯವರ ಹೆಸರು ಬೀಳುತ್ತಿದ್ದರೆ ಎಷ್ಟು ನಿದ್ದೆ ಮಾಡಿದರೂ ಆ ಉರಿ ಆರದು.

ಮನೆಸಾಲದ ಕಂತು ಕಟ್ಟುತ್ತ, ಊರಿಗೂ ದುಡ್ಡು ಕಳಿಸುವವರಿಗೆ ‘ಕೆಲಸ ಬಿಡಿ’ ಎನ್ನುವುದು ಅಗ್ಗದ ಮಾತು. ಆದರೆ ‘ಕೆಲಸ ಜಾಸ್ತಿ ಸರ್’ ಎಂದು ಗೋಳಾಡುವ ಬದಲು ‘ಈ ಎರಡರಲ್ಲಿ ಯಾವುದನ್ನು ಮುಂದಿನ ವಾರಕ್ಕೆ ಹಾಕಲಿ?’ ಎಂದು ಕೇಳಬಹುದು. ಮೊದಲನೆಯದಕ್ಕೆ ಸಮಾಧಾನದ ಮಾತು ಸಾಕು. ಎರಡನೆಯದಕ್ಕೆ ಉತ್ತರ ಕೊಡಲೇಬೇಕು. ತನ್ನ ಮಾತಿನಿಂದ, ದುಡಿಮೆಯಿಂದ ಏನಾದರೂ ಬದಲಾಯಿತು ಎಂದು ಕಂಡಾಗ ಹುರುಪು ನಿಧಾನಕ್ಕೆ ಮರಳುತ್ತದೆ. ಉಪದೇಶದಿಂದ ಮರಳುವುದಿಲ್ಲ.

ಒಂದು ಎಚ್ಚರ. ಕೆಲಸವಷ್ಟೇ ಅಲ್ಲ, ಮಕ್ಕಳ ಮಾತು, ಊಟ, ಹಾಡು ಎಲ್ಲವೂ ಸಪ್ಪೆಯಾಗಿ ವಾರಗಟ್ಟಲೆ ಹಾಗೇ ಇದ್ದರೆ ಅದು ಖಿನ್ನತೆಯಿರಬಹುದು, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಇದೆ.

ನಿಮ್ಮ ತಂಡದಲ್ಲಿ ಯಾರಾದರೂ ಹೀಗೆ ಮಂಕಾಗಿದ್ದರೆ, ರಜೆ ಕೊಡಿ, ಬೇಡವೆನ್ನುವುದಿಲ್ಲ. ಅವರು ಮರಳುವಷ್ಟರಲ್ಲಿ ಅವರ ಮೇಜಿನ ಮೇಲೆ ಏನನ್ನು ಬದಲಾಯಿಸಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ.